ನಾಲ್ಕೂವರೆಗೆ ಕಾದು ಕೂತ ಲಂಕಾಯಾತ್ರೆ

ಬೂಕನಕೆರೆ

ನಾನು ಹುಟ್ಟಿದ್ದು ದ್ವೀಪದಲ್ಲಿ. ಹೀಗೆಂದರೆ ನನ್ನ ತರಗತಿಯ ಮಕ್ಕಳು ಕಣ್ಣರಳಿಸುತ್ತಾರೆ. ಆ ದ್ವೀಪದ ಹೆಸರು ಶ್ರೀರಂಗಪಟ್ಟಣ ಅಂತ ಗೊತ್ತಾದ ಕೂಡಲೇ 'ಓ, ಅದಾ ಮಿಸ್' ಅಂದು ಮತ್ತೆ ಬೀಜಗಣಿತಕ್ಕೆ ತಲೆ ಬಗ್ಗಿಸುತ್ತಾರೆ. ಸುತ್ತ ಕಾವೇರಿ ಹರಿದರೂ ಮಕ್ಕಳಿಗೆ ಸಮುದ್ರ ಇಲ್ಲದ ದ್ವೀಪ ರುಚಿಸುವುದಿಲ್ಲ.

ನಮ್ಮಪ್ಪನ ಮನೆ ರೈಲು ಸೇತುವೆಗೆ ಹತ್ತಿರ. ರೈಲು ನೋಡುತ್ತಲೇ ಬೆಳೆದವಳು ನಾನು. ಬೋಗಿಯ ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತ ಗಂಡಸರು ಹೊಳೆ ದಾಟಿ ಹೋಗುವುದನ್ನು ಕಂಡಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ನಾನೇ ರೈಲು ಹತ್ತಿದಾಗ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟರೆ ಅವ್ವ ಜಡೆ ಹಿಡಿದು ಎಳೆಯುತ್ತಿದ್ದಳು. ಮದುವೆಯಾಗಿ ಬೂಕನಕೆರೆಗೆ ಬಂದೆ. ಕೆ.ಆರ್. ಪೇಟೆಯ ಹೈಸ್ಕೂಲಿಗೆ ಗಣಿತದ ಟೀಚರಾದೆ. ದಿನವೂ ಬಸ್ಸು, ಬಸ್ಸಿನ ಬಾಗಿಲಲ್ಲಿ ಕಂಡಕ್ಟರ್. ಹೀಗೆ ನನ್ನ ಆಸೆ ಮೂಲೆ ಸೇರಿತು.

ಈಚೆಗೆ ಒಂದು ದಿನ ಫೋನಿನಲ್ಲಿ ಒಂದು ವಿಡಿಯೋ ನೋಡಿದೆ. ಶ್ರೀಲಂಕಾದ ಕ್ಯಾಂಡಿಯಿಂದ ಟೀ ತೋಟಗಳ ನಡುವೆ ನೀಲಿ ರೈಲೊಂದು ಹತ್ತುತ್ತಾ ಹೋಗುತ್ತದೆ. ಬಾಗಿಲಲ್ಲಿ ನನ್ನದೇ ವಯಸ್ಸಿನ, ನನ್ನಷ್ಟೇ ದಪ್ಪಗಿನ ಒಬ್ಬ ಹೆಂಗಸು ಕಾಲು ಇಳಿಬಿಟ್ಟು ಬಾಳೆಹಣ್ಣು ತಿನ್ನುತ್ತಾ ಕೂತಿದ್ದಾಳೆ. ಯಾರೂ ಅವಳ ಜಡೆ ಎಳೆಯುತ್ತಿಲ್ಲ. ಅವತ್ತೇ ಗಂಡನ ಮುಂದೆ ಫೋನು ಹಿಡಿದು, 'ರೀ, ಈ ಬಾಗಿಲಲ್ಲಿ ನಾನು ಕೂರಬೇಕು' ಅಂದೆ.

ನಮ್ಮನೆಯವರು ಚೆಲುವೇಗೌಡರು ದನದ ದಲ್ಲಾಳಿ. ಕೆ.ಆರ್. ಪೇಟೆ, ಪಾಂಡವಪುರ, ನಾಗಮಂಗಲ ಸೀಮೆಯ ಸಂತೆಗಳಲ್ಲಿ ಎತ್ತು ಕೊಳ್ಳುವವನ ಕೈಗೂ ಮಾರುವವನ ಕೈಗೂ ನಡುವೆ ಇರುವ ಟವೆಲ್ ಇವರದು. ನಮ್ಮ ಕಡೆ ರಾಸಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ ಮರೆಯಲ್ಲಿ ಬೆರಳು ಹಿಡಿದು ತಿಳಿಸುತ್ತಾರೆ. ಒಂದು ಬೆರಳಿಗೆ ಒಂದು, ಎರಡಕ್ಕೆ ಎರಡು, ಪೂರಾ ಅಂಗೈ ಹಿಡಿದರೆ ಐದು, ಬೆರಳು ಮಡಿಸಿದರೆ ಅರ್ಧ. ಅದು ಸಾವಿರವೋ ಹತ್ತು ಸಾವಿರವೋ ಎತ್ತಿನ ಮುಖ ನೋಡಿದರೆ ಗೊತ್ತಾಗುತ್ತದಂತೆ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಇಬ್ಬರಿಗೆ ಮಾತ್ರ ಗೊತ್ತು. ಇದರಲ್ಲಿ ನಮ್ಮನೆಯವರನ್ನು ಸೋಲಿಸಿದವರಿಲ್ಲ ಅಂತ ಅವರೇ ಹೇಳುತ್ತಾರೆ.

ಲಂಕೆಗೆ ಹೋಗಲು ಅವರು ಒಪ್ಪಿದ್ದು ನನ್ನ ಬಾಗಿಲಿಗಾಗಿ ಅಲ್ಲ, ಚಿನಕುರಳಿ ಶಂಕ್ರನಿಂದಾಗಿ. ಶಂಕ್ರನೂ ದಲ್ಲಾಳಿಯೇ. ಕೆಲವು ವರ್ಷಗಳ ಹಿಂದೆ, ಲಂಕೆಯ ದುಡ್ಡು ನೆಲ ಕಚ್ಚಿದ್ದಾಗ, ಅವನು ಯಾರೋ ನೆಂಟರ ಜೊತೆ ಅಲ್ಲಿಗೆ ಹೋಗಿಬಂದಿದ್ದ. ಬಂದವನು ಬೀಚಿನ ಬಗ್ಗೆ ಹೇಳಲಿಲ್ಲ, ಆನೆಯ ಬಗ್ಗೆ ಹೇಳಲಿಲ್ಲ. ಹೇಳಿದ್ದು ಒಂದೇ ಮಾತು.

"ನಮ್ದು ಒಂದ್ರೂಪಾಯ್ ಕೊಟ್ರೆ ಅವ್ರದು ನಾಕೂವರೆ ಕಣಣ್ಣೋ! ಬೋರ್ಡಲ್ಲಿ ಬರ್ದಿದ್ದಕ್ಕಿಂತ ಜಾಸ್ತಿನೇ ಈಸ್ಕಂಡೆ."

ಇದನ್ನು ಅವನು ಪ್ರತಿ ಸಂತೆಯಲ್ಲೂ, ಪ್ರತಿ ಟೀ ಅಂಗಡಿಯಲ್ಲೂ ಹೇಳಿದ. ನಮ್ಮನೆಯವರಿಗೆ ಇದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳಾಯಿತು. ಟಿಕೆಟ್ಟು, ವ್ಯಾನು, ವಸತಿಗೆ ಏಜೆಂಟನಿಗೆ ಮೊದಲೇ ಕಟ್ಟಿದೆವು. ಊಟಕ್ಕೆ, ಮೇಲು ಖರ್ಚಿಗೆ ಅಂತ ಇಪ್ಪತ್ತು ಸಾವಿರ ರೂಪಾಯಿ ಇವರ ಪಟಾಪಟಿ ಚಡ್ಡಿಯ ಜೇಬು ಸೇರಿತು. ಜೇಬಿಗೆ ಪಿನ್ನು, ಅದರ ಮೇಲೆ ಪಂಚೆ. ಹೊರಡುವ ದಿನ ಇವರು ಘೋಷಿಸಿದರು.

"ನಾಕೂವರೆಗಿಂತ ಕಮ್ಮಿಗೆ ಈ ಜೇಬಿನ ಪಿನ್ನು ಬಿಚ್ಚಾಕಿಲ್ಲ ಕಣಮ್ಮಿ."

"ಈಗಿನ ರೇಟು ಮೂರೂವರೆ ಆಸುಪಾಸು ಕಣ್ರೀ. ಅವನು ಹೋಗಿದ್ದಾಗಿನ ಕಾಲ ಬೇರೆ" ಅಂದೆ.

"ಒಂದ್ ಸಲ ಏರಿದ್ ರೇಟು ಇನ್ನೊಂದ್ ಸಲ ಏರ್ತದೆ. ನಂಗೇಳಿ ಕೊಡ್ಬ್ಯಾಡ."

ನನ್ನ ರೈಲು, ಅವರ ನಾಲ್ಕೂವರೆ, ಎರಡೂ ಒಂದೇ ವಿಮಾನ ಹತ್ತಿದವು.

ಕೊಲಂಬೊ ವಿಮಾನ ನಿಲ್ದಾಣ

ಲಂಕೆಯ ಮಣ್ಣಿಗೆ ಕಾಲಿಟ್ಟ ಕೂಡಲೇ ಕಂಡದ್ದು ಬುದ್ಧನಲ್ಲ, ವಾಷಿಂಗ್ ಮಷೀನು. ವಿಮಾನ ಇಳಿದು ಬರುವ ದಾರಿಯ ಅಂಗಡಿಗಳಲ್ಲಿ ಸಾಲಾಗಿ ಫ್ರಿಜ್ಜು, ಟಿವಿ, ಗ್ಯಾಸ್ ಒಲೆ. ಹೊರದೇಶದಲ್ಲಿ ದುಡಿದು ಬಂದವರು ತೆರಿಗೆ ಇಲ್ಲದೆ ಕೊಂಡು ಮನೆಗೆ ಒಯ್ಯುತ್ತಾರಂತೆ. ನಮ್ಮ ಜೊತೆ ಇಳಿದ ಒಬ್ಬ ಮನುಷ್ಯ ಕಣ್ಣಮುಂದೆಯೇ ಫ್ರಿಜ್ಜು ಕೊಂಡು, ಅದನ್ನು ಗಾಡಿಯ ಮೇಲೆ ಮಲಗಿಸಿ ತಳ್ಳಿಕೊಂಡು ಹೋದ. ನಮ್ಮನೆಯವರು ಬೆರಗಾಗಿ, "ನಮ್ಮೋರು ದುಬೈಯಿಂದ ಸೆಂಟು ತತ್ತಾರೆ, ಇವ್ರು ಮನೆಗೆ ಬಂದು ಫ್ರಿಜ್ಜು ತಗತಾರಲ್ಲಮ್ಮಿ" ಅಂದರು.

ಅದನ್ನು ದಾಟಿದರೆ ದುಡ್ಡು ಬದಲಾಯಿಸುವ ಕೌಂಟರುಗಳ ಸಾಲು. ಪ್ರತಿ ಕೌಂಟರಿನಿಂದಲೂ ಕೈಬೀಸಿ ಕರೆಯುತ್ತಿದ್ದರು. ಮೆಜೆಸ್ಟಿಕ್ಕಿನಲ್ಲಿ ಬಸ್ಸಿಗೆ ಕರೆದ ಹಾಗೆಯೇ. ಇವರು ಖುಷಿಯಾಗಿ ಮುಂದೆ ಹೋದವರು ಬೋರ್ಡು ನೋಡಿ ಗಕ್ಕನೆ ನಿಂತರು.

"ಇದೇನಿದು, ರೇಟ ಗೋಡೆ ಮ್ಯಾಲೆ ಲೈಟಾಕಿ ಬರ್ದವ್ರೆ! ಎತ್ತಿನ ರೇಟ ಯಾರಾದ್ರೂ ಕೊಂಬಿಗೆ ನೇತಾಕ್ತಾರಾ?"

ಬೋರ್ಡಿನಲ್ಲಿ ನಮ್ಮ ರೂಪಾಯಿಯ ಮುಂದೆ ಎರಡು ಸಂಖ್ಯೆಗಳಿದ್ದವು. ಅವರು ನಮ್ಮಿಂದ ಕೊಳ್ಳುವ ದರ ಮೂರು ನಲವತ್ತು, ನಮಗೆ ಮಾರುವ ದರ ಮೂರು ಅರವತ್ತು. ನಾನು ಇದನ್ನು ವಿವರಿಸಿದೆ. ಇವರು ಸ್ವಲ್ಪ ಹೊತ್ತು ಯೋಚಿಸಿ, "ಅಂಗಾರೆ ನಾನು ಗಾಜಿನ ಆ ಕಡೆ ನಿಂತ್ಕತೀನಿ" ಅಂದರು.

ಗಾಜಿನ ಆ ಕಡೆ ಒಬ್ಬಳು ಹುಡುಗಿ ಇದ್ದಳು, ನಗುಮುಖದವಳು. ಇವರಿಗೆ ಧರ್ಮಸಂಕಟವಾಯಿತು. ಟವೆಲ್ ವ್ಯಾಪಾರ ಗಂಡಸರ ನಡುವಿನದು. ಪರಸ್ತ್ರೀಯ ಕೈ ಹಿಡಿಯುವಂತಿಲ್ಲ. ಕೊನೆಗೆ ಹೆಗಲ ಟವೆಲ್ ತೆಗೆದು ನನ್ನ ಕೈಗೆ ಕೊಟ್ಟರು.

"ನೀನೇ ಕೈ ಹಾಕು. ನಾಕ್ ಬೆರ್ಳು ಇಡಿ, ಐದ್ನೇದ ಅರ್ಧ ಮಡ್ಸು. ಮಖ ಗಂಟಿಕ್ಕೊಂಡಿರು. ನಗಬ್ಯಾಡ."

"ರೀ, ಇದು ಬ್ಯಾಂಕು."

"ಬ್ಯಾಂಕಾದ್ರೇನು, ಅವ್ಳಿಗೆ ಬೆರ್ಳಿಲ್ವಾ?"

ಪ್ರಯಾಣದ ಸುಸ್ತು, ಹಿಂದೆ ಜನರ ಸಾಲು. ಜಗಳ ಆಡುವುದಕ್ಕಿಂತ ಒಮ್ಮೆ ಮಾಡಿ ಮುಗಿಸುವುದು ಸುಲಭ ಅನ್ನಿಸಿತು. ಗಾಜಿನ ಕೆಳಗಿನ ಸಂದಿಯಲ್ಲಿ ಟವೆಲ್ ತೂರಿಸಿ ಕೈಹಾಕಿದೆ. ಪಾಪ, ಆ ಮಗು ಏನೆಂದುಕೊಂಡಿತೋ, ತಾನೂ ಕೈ ಕೊಟ್ಟಿತು. ನಾನು ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವಳು, ಟವೆಲ್ ಒಳಗೆ ನಾಲ್ಕು ಬೆರಳು ಯಾವುವು ಅಂತ ಗೊತ್ತಾಗದೆ ತಡಕಾಡಿದೆ. ಹುಡುಗಿಗೆ ಕಚಗುಳಿಯಾಗಿ ಕಿಲಕಿಲ ನಕ್ಕಳು. ಇಂಗ್ಲಿಷಿನಲ್ಲಿ, 'ಇದು ನಿಮ್ಮೂರಿನಲ್ಲಿ ಹೆಣ್ಣು ನೋಡುವ ಶಾಸ್ತ್ರವಾ ಆಂಟಿ?' ಅಂತ ಕೇಳಿದಳು. ಅಷ್ಟರಲ್ಲಿ ಸೆಕ್ಯುರಿಟಿಯವನೊಬ್ಬ ಟವೆಲ್ ಒಳಗೆ ಏನಿದೆ ಅಂತ ನೋಡಲು ಬಂದ. ನಮ್ಮಿಬ್ಬರ ಕೈಗಳು ಮಾತ್ರ ಇದ್ದವು. ಅವನು ನನ್ನ ಮುಖ ನೋಡಿದ, ನಾನು ಫ್ರಿಜ್ಜುಗಳ ಕಡೆ ನೋಡಿದೆ.

ದುಡ್ಡು ಬದಲಾಯಿಸದೆ ಹೊರಗೆ ಬಂದೆವು.

ನೆಗೊಂಬೊ

ಹೊರಗೆ ನಮ್ಮ ಹೆಸರಿನ ಹಲಗೆ ಹಿಡಿದು ಸೆಲ್ವರಾಜ್ ನಿಂತಿದ್ದ. ವ್ಯಾನಿನ ಡ್ರೈವರೂ ಅವನೇ, ಕ್ಯಾಂಡಿಯಲ್ಲಿ ನಾವು ಉಳಿಯಬೇಕಿದ್ದ ಮನೆಯ ಮಾಲೀಕನೂ ಅವನೇ. ಅವನ ಹಿರಿಯರು ಟೀ ತೋಟಕ್ಕೆ ಕೂಲಿಗೆಂದು ತಮಿಳುನಾಡಿನಿಂದ ಬಂದವರು. ನಮ್ಮನೆಯವರಿಗೆ ಸೇಲಂ ಕಡೆಯ ದನದ ವ್ಯಾಪಾರಿಗಳಿಂದ ಕಲಿತ ಸಂತೆ ತಮಿಳು ಗೊತ್ತು. ಹಲ್ಲು, ಬಾಲ, ಸುಳಿ, ದುಡ್ಡು ಇಷ್ಟನ್ನು ಬಿಟ್ಟು ಬೇರೆ ಪದ ಅದರಲ್ಲಿ ಕಡಿಮೆ. ಆದರೂ ಇಬ್ಬರೂ ಅರ್ಧ ಗಂಟೆಯಲ್ಲಿ ಅಣ್ಣತಮ್ಮಂದಿರಾದರು. ಅವನ ಮಾತನ್ನು ನಾನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮೊದಲ ರಾತ್ರಿ ನೆಗೊಂಬೊದಲ್ಲಿ, ಕಡಲ ದಂಡೆಯಲ್ಲಿ. ದಾರಿಯುದ್ದಕ್ಕೂ ತೆಂಗು, ಗದ್ದೆ, ನಾಲೆ, ನಾಲೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು. ಇವರು ಪ್ರತಿ ಮೈಲಿಗೂ, "ಇದು ನಮ್ ಪಾಂಡವಪುರನೇ ಬುಡು, ಸುಮ್ನೆ ಇಮಾನದ್ ದುಡ್ಡು ದಂಡ" ಅನ್ನುತ್ತಿದ್ದರು. ಒಂದು ಕಡೆ ಎಳನೀರು ಮಾರುತ್ತಿದ್ದರು. ಇಲ್ಲಿನ ಎಳನೀರು ಕಿತ್ತಳೆ ಬಣ್ಣದ್ದು. ಮಂಡ್ಯ ಜಿಲ್ಲೆಯ ಮನುಷ್ಯನಿಗೆ ಅದು ಅವಮಾನವೇ ಆಯಿತು. "ಪೇಂಟ್ ಹೊಡ್ದವ್ರೆ" ಅಂತ ಉಗುರಿನಿಂದ ಕೆರೆದು ನೋಡಿದರು.

ಮಾರನೇ ಬೆಳಿಗ್ಗೆಯಿಂದ ನಮ್ಮ ಉಪವಾಸ ಪರ್ವ ಶುರುವಾಯಿತು. ಬದಲಾಯಿಸಿದ ದುಡ್ಡಿಲ್ಲ, ಹೋಟೆಲಿಗೆ ಹೋಗುವಂತಿಲ್ಲ. ನಾನು ಮನೆಯಿಂದ ತಂದಿದ್ದ ಕೋಡುಬಳೆ, ನಿಪ್ಪಟ್ಟು, ರಾಗಿ ಹುರಿಹಿಟ್ಟೇ ಗತಿ. ಸುತ್ತಲಿನ ಮೇಜುಗಳಲ್ಲಿ ಬಿಳಿಯರು ಸಿಗಡಿ ತಿನ್ನುತ್ತಿದ್ದರೆ ನಾವಿಬ್ಬರೂ ಮರಳ ಮೇಲೆ ಕೂತು ಬಾಟಲಿಯಲ್ಲಿ ಹುರಿಹಿಟ್ಟು ಕುಲುಕಿ ಕುಡಿದೆವು. ಇವರು ಕುಡಿಯುತ್ತಲೇ ಫೋನು ನೋಡುತ್ತಿದ್ದರು. ಹೊರದೇಶದ ಪ್ಯಾಕು ಹಾಕಿಸಿದ್ದ ಆ ಫೋನಿನಲ್ಲಿ ಎರಡು ದೇಶಗಳ ರೂಪಾಯಿಯ ಹಳೆಯ ದರಗಳನ್ನೆಲ್ಲ ಒಂದು ಗೆರೆಯಾಗಿ ತೋರಿಸುವ ಆ್ಯಪ್ ಇತ್ತು. ಗೆರೆ ಬಹಳ ವರ್ಷ ಎರಡರ ಮೇಲೆ, ಎರಡೂವರೆಯ ಹತ್ತಿರ ಆಮೆಯ ಹಾಗೆ ತೆವಳಿ, ಆಮೇಲೆ ಒಂದು ಕಡೆ ಧಡಕ್ಕನೆ ನೆಟ್ಟಗೆ ಎದ್ದು ನಾಲ್ಕೂವರೆ ದಾಟಿ, ಮತ್ತೆ ಇಳಿದು ಮೂರೂವರೆಯಲ್ಲಿ ಉಸಿರು ಬಿಡುತ್ತಿತ್ತು.

"ನೋಡ್ದಾ, ಈ ಗುಡ್ಡದ್ ಮ್ಯಾಲೆ ಶಂಕ್ರ ಕೂತವ್ನೆ" ಅಂತ ಇವರು ಆ ತುದಿಯ ಮೇಲೆ ಬೆರಳಿಟ್ಟರು. "ನಾವು ತಗ್ಗಲ್ಲಿದೀವಿ. ಇವತ್ತು ಬೆಳಿಗ್ಗೆಯಿಂದ ಎಲ್ಡ್ ಪೈಸ ಏರ್ಯದೆ. ಕಾಯ್ಬೇಕು."

ಎರಡು ಪೈಸೆ ಏರಿದರೆ ನಮ್ಮ ಇಪ್ಪತ್ತು ಸಾವಿರಕ್ಕೆ ಕಾಲು ಕೇಜಿ ಮಟನ್ನೂ ಬರುವುದಿಲ್ಲ ಅಂತ ಮರಳ ಮೇಲೆ ಲೆಕ್ಕ ಬಿಡಿಸಿ ತೋರಿಸಿದೆ. ಅಲೆ ಬಂದು ಲೆಕ್ಕ ಅಳಿಸಿತು. ಇವರು ಅಲೆಯ ಪಕ್ಷ ವಹಿಸಿದರು.

ಇನ್ನೊಂದು ತೊಂದರೆಯನ್ನು ಹುರಿಹಿಟ್ಟು ತಂದಿಟ್ಟಿತು. ದಂಡೆಯ ಕಕ್ಕಸಿಗೆ ಅವರ ದುಡ್ಡಿನಲ್ಲಿ ಇಪ್ಪತ್ತು ರೂಪಾಯಿ. ಬಾಗಿಲಲ್ಲಿ ಕೂತ ಹೆಂಗಸಿಗೆ ನನ್ನ ಪರ್ಸಿನಲ್ಲಿದ್ದ ನಮ್ಮ ಹತ್ತು ರೂಪಾಯಿಯ ನಾಣ್ಯ ತೋರಿಸಿದೆ. ಅವಳು ಅದನ್ನು ತಿರುಗಿಸಿ ನೋಡಿ, ಸೆರಗಿಗೆ ಒರೆಸಿ, ಡಬ್ಬಿಗೆ ಹಾಕಿ ಒಳಗೆ ಬಿಟ್ಟಳು. ದೂರದಿಂದ ಇವರು ಕೂಗುವುದು ಇಡೀ ಕಡಲಿಗೆ ಕೇಳಿಸಿತು.

"ಚಿಲ್ರೆ ಈಸ್ಕಳಮ್ಮೀ! ನಾಕೂವರೆ ಲೆಕ್ದಲ್ಲಿ ಇನ್ನೂ ಇಪ್ಪತ್ತೈದ್ ರೂಪಾಯ್ ಬರ್ಬೇಕು!"

ನಾನು ಬಾಗಿಲು ಹಾಕಿಕೊಂಡೆ. ನಮ್ಮ ಪ್ರವಾಸದ ಮೊದಲ ವಿದೇಶೀ ವಿನಿಮಯ ಹೀಗೆ ಒಂದಕ್ಕೆರಡರ ರೇಟಿಗೆ, ಕಕ್ಕಸಿನ ಬಾಗಿಲಲ್ಲಿ ನಡೆಯಿತು.

ಸಂಜೆ ಪೇಟೆಯಲ್ಲಿ ಇವರಿಗೆ ಬೇಕಾದಂಥ ಅಂಗಡಿ ಸಿಕ್ಕಿತು. ಒಳಗೆ ದಪ್ಪ ಮೀಸೆಯ ಗಂಡಸು ಒಬ್ಬನೇ ಕೂತಿದ್ದ. ಬೋರ್ಡಿನಲ್ಲಿ ಮೂರು ನಲವತ್ತಾರು. ಇವರು ಬೋರ್ಡಿಗೆ ಬೆನ್ನು ಹಾಕಿ ಕೂತು, ಕಷ್ಟಸುಖ ಮಾತಾಡುವವರ ಹಾಗೆ ಒಂದು ಸಲ ಕೆಮ್ಮಿ, ಟವೆಲ್ ಹಾಸಿ ಕೈ ಚಾಚಿದರು. ಅಂಗಡಿಯವನು ಟವೆಲ್ ನೋಡಿದ, ಇವರ ಮುಖ ನೋಡಿದ. ಇಂಡಿಯಾದಲ್ಲಿ ಹೀಗೇ ನಮಸ್ಕಾರ ಮಾಡುತ್ತಾರೆ ಅಂದುಕೊಂಡನೋ ಏನೋ, ಟವೆಲ್ ಒಳಗೆ ಕೈ ಹಾಕಿ ಇವರ ಇಡೀ ಅಂಗೈ ಹಿಡಿದು ಚೆನ್ನಾಗಿ ಕುಲುಕಿದ.

ಇವರ ಮುಖ ಅರಳಿ ಮೊರದಗಲವಾಯಿತು.

"ಐದು ಕೊಟ್ಬುಟ್ಟ ಕಣಮ್ಮೀ! ಐದು! ಶಂಕ್ರನ ಮನೆ ಹಾಳಾಗ!"

ಕೂಡಲೇ ಎದ್ದು, ಪಂಚೆ ಎತ್ತಿ, ಪಟಾಪಟಿ ಚಡ್ಡಿಯ ಪಿನ್ನಿಗೆ ಕೈಹಾಕಿದರು. ಎದುರಿಗಿದ್ದವನು ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ನಿಂತ. ಐದಲ್ಲ, ಮೂರು ನಲವತ್ತಾರು ಅಂತ ಅವನು ಕ್ಯಾಲ್ಕುಲೇಟರಿನಲ್ಲಿ ಒತ್ತಿ ತೋರಿಸಿದಾಗ ಇವರಿಗೆ ಬಂದ ಸಿಟ್ಟು ಹೇಳತೀರದು. ಕೈ ಕೊಟ್ಟ ಮೇಲೆ ಮಾತು ತಪ್ಪುವವನನ್ನು ನಮ್ಮ ಸಂತೆಯೊಳಕ್ಕೆ ಮತ್ತೆ ಬಿಡುವುದಿಲ್ಲ. ಇವರು ಅದನ್ನು ಸಂತೆ ತಮಿಳಿನಲ್ಲಿ ಹೇಳಲು ಹೋಗಿ ಅವನ ಹಲ್ಲು, ಬಾಲದ ಬಗ್ಗೆ ಏನೋ ಹೇಳಿದರು. ನಾನು ಇವರ ರಟ್ಟೆ ಹಿಡಿದು ಹೊರಕ್ಕೆ ತಂದೆ. ಟವೆಲ್ ಮರಳಿ ತರಲು ಸೆಲ್ವರಾಜ್ ಹೋಗಬೇಕಾಯಿತು.

ಕ್ಯಾಂಡಿಯ ದಾರಿ

ಬೆಳಿಗ್ಗೆ ಹೊರಟಾಗ ನಾನು ಮಾತು ಬಿಟ್ಟಿದ್ದೆ. ಮಾರನೇ ದಿನವೇ ನನ್ನ ರೈಲು. ಕಾದಿರಿಸಿದ ಸೀಟುಗಳು ಎಂದೋ ಮುಗಿದಿದ್ದವು. ಕಾದಿರಿಸದ ಟಿಕೆಟ್ಟನ್ನು ಸ್ಟೇಷನ್ನಿನ ಕಿಟಕಿಯಲ್ಲಿ ಬೆಳಿಗ್ಗೆ ಕೊಡುತ್ತಾರೆ, ಅವರ ದುಡ್ಡನ್ನೇ ಕೊಡಬೇಕು ಅಂತ ಸೆಲ್ವರಾಜ್ ಹೇಳಿದ. ಅದು ತಪ್ಪಿದರೆ ಮುಗಿಯಿತು, ಅದರ ಮರುದಿನ ನಮ್ಮ ವಿಮಾನ. ಬೇಕಾದರೆ ತಾನು ಕೊಟ್ಟಿರುತ್ತೇನೆ ಅಂದ. ನಾನು ಬಾಯಿ ತೆರೆಯುವ ಮೊದಲೇ ಇವರು, "ಕೈಗಡ ಬ್ಯಾಡ, ಮರ್ವಾದೆ ಪ್ರಶ್ನೆ" ಅಂದುಬಿಟ್ಟರು.

ಮರ್ಯಾದೆ ಮುಂದಿನ ಊರಿನವರೆಗೂ ಉಳಿಯಲಿಲ್ಲ. ಟೀ ಕುಡಿಸುತ್ತೇನೆ ಅಂತ ಸೆಲ್ವರಾಜ್ ಒಂದು ಹೋಟೆಲಿಗೆ ಕರೆದೊಯ್ದ. ಕೂತ ಕೂಡಲೇ ಮಾಣಿ, ನಾವು ಏನೂ ಹೇಳದೆಯೇ, ಒಂದು ತಟ್ಟೆಯ ತುಂಬ ಬನ್ನು, ರೋಲು, ವಡೆ, ಮೀನು ತುಂಬಿದ ಕರಿದ ಉಂಡೆ ಗೋಪುರ ಮಾಡಿ ತಂದಿಟ್ಟ. ಇಲ್ಲಿಯ ಪದ್ಧತಿ ಅದು. ಬೇಕಾದ್ದು ತಿಂದು ಉಳಿದದ್ದು ಬಿಡಬೇಕು, ತಿಂದಷ್ಟಕ್ಕೆ ಬಿಲ್ಲು. ಇದು ನಮಗೆ ಗೊತ್ತಿರಲಿಲ್ಲ. ಎಲೆಗೆ ಬಡಿಸಿದ್ದನ್ನು ಬಿಟ್ಟು ಏಳಬಾರದು ಅಂತ ಕಲಿತು ಬೆಳೆದವರು ನಮ್ಮನೆಯವರು. ಅದರ ಮೇಲೆ ಎರಡು ದಿನದ ಹುರಿಹಿಟ್ಟು. ಫೋನಿನಲ್ಲಿ ಮಾತಾಡಲು ಹೊರಗೆ ಹೋದ ಸೆಲ್ವರಾಜ್ ಬರುವಷ್ಟರಲ್ಲಿ ಗೋಪುರ ನೆಲಸಮವಾಗಿತ್ತು.

"ಬೋ ಪ್ರೀತಿ ಕಣಪ್ಪ ನಿಮ್ ದೇಸದೋರ್ಗೆ" ಅಂದರು ಇವರು, ಬಾಯಿ ಒರೆಸಿಕೊಳ್ಳುತ್ತಾ.

ಸೆಲ್ವರಾಜ್ ಬಿಲ್ಲು ನೋಡಿ ಒಂದು ಕ್ಷಣ ಕಣ್ಣು ಮುಚ್ಚಿ, ಕೊಟ್ಟ. ನಾನು ವ್ಯಾನಿನ ಹಿಂದಿನ ಸೀಟಿನಲ್ಲಿ ಇವರ ತೊಡೆಯನ್ನು ಕ್ಯಾಂಡಿ ಬರುವವರೆಗೂ ಚಿವುಟಿದೆ.

ಕ್ಯಾಂಡಿ

ಸೆಲ್ವರಾಜನ ಮನೆ ಗುಡ್ಡದ ಇಳಿಜಾರಿನಲ್ಲಿ. ಮುಂದೆ ಪುಟ್ಟ ಜಗಲಿ, ಪಕ್ಕದಲ್ಲಿ ಖಾಲಿ ಕೊಟ್ಟಿಗೆ. ಮನೆಯಲ್ಲಿ ಅವನ ವಯಸ್ಸಾದ ತಾಯಿ. ನಾನು ಕೈಕಾಲು ತೊಳೆದು ಬರುವಷ್ಟರಲ್ಲಿ ಅಜ್ಜಿ ನನ್ನ ಗಂಡನಿಗೆ ಟೀ ಕೊಟ್ಟಿದ್ದರು. ಇವರು ಅವರ ಮುಂದೆಯೂ ಫೋನು ಹಿಡಿದು ರೇಟಿನ ಪುರಾಣ ಬಿಚ್ಚಿದ್ದರು.

ಅಜ್ಜಿಗೆ ಆ ಪುರಾಣ ನಮಗಿಂತ ಚೆನ್ನಾಗಿ ಗೊತ್ತಿತ್ತು. ಅವರು ಚಿಕ್ಕ ಹುಡುಗಿಯಾಗಿದ್ದಾಗ ಅವರಪ್ಪ ಊರಿಗೆ ಮನಿಯಾರ್ಡರ್ ಮಾಡುತ್ತಿದ್ದರಂತೆ. "ಆಗ ಇಲ್ಲಿಯ ಒಂದಕ್ಕೆ ಅಲ್ಲಿಯ ಒಂದು. ಎರಡೂ ರೂಪಾಯಿ ಒಂದೇ ಎತ್ತರ" ಅಂತ ಎರಡು ಬೆರಳು ಜೋಡಿಸಿ ತೋರಿಸಿದರು. "ಆಮೇಲೆ ನಮ್ಮದು ಕುಳ್ಳಗಾಗುತ್ತಾ ಬಂತು."

ಇವರು ಉತ್ಸಾಹದಿಂದ ಫೋನಿನ ಗೆರೆಯ ತುದಿಯನ್ನು ದೊಡ್ಡದು ಮಾಡಿ ಸೆಲ್ವರಾಜನಿಗೆ ತೋರಿಸಿದರು. "ಇಲ್ಲಿ ನೋಡು ತಮ್ಮಾ, ನಾಕೂವರೆ. ಇದು ಮತ್ತೆ ಯಾವಾಗ್ ಬತ್ತದೆ?"

ಸೆಲ್ವರಾಜ್ ಫೋನು ಕೈಗೆ ತಗೊಂಡು ಆ ಗುಡ್ಡವನ್ನು ನೋಡಿದ. ಮೂರು ದಿನದಲ್ಲಿ ಮೊದಲ ಸಲ ಅವನ ಮುಖದಲ್ಲಿ ನಗು ಇರಲಿಲ್ಲ.

"ಬರುವುದೇ ಬೇಡ ಅಣ್ಣಾ" ಅಂದ. "ಗೆರೆ ಇಲ್ಲಿ ಏರಲು ಶುರುವಾದಾಗ ನಾನು ಪೆಟ್ರೋಲಿಗೆ ಸಾಲು ನಿಂತಿದ್ದೆ. ವ್ಯಾನಿನಲ್ಲೇ ಮಲಗಿ, ವ್ಯಾನಿನಲ್ಲೇ ಎದ್ದು. ಈ ತುದಿಯಲ್ಲಿ ಗ್ಯಾಸ್ ಇಲ್ಲ, ಅಮ್ಮ ಮಂಚದ ಹಲಗೆ ಒಡೆದು ಒಲೆಗೆ ಹಾಕಿದಳು. ಪ್ರವಾಸಿಗಳು ಯಾರೋ ಒಬ್ಬರಿಬ್ಬರು. ಅವರು ಒಂದು ನೋಟು ಕೊಟ್ಟು ಕಟ್ಟುಗಟ್ಟಲೆ ದುಡ್ಡು ತಗೊಂಡು, 'ನಿಮ್ಮ ದೇಶ ಬಹಳ ಅಗ್ಗ' ಅನ್ನುತ್ತಿದ್ದರು. ಇಲ್ಲಿಗೆ ಬರುವಷ್ಟರಲ್ಲಿ" ಅಂತ ಬೆರಳು ಸ್ವಲ್ಪ ಜರುಗಿಸಿ, "ಕೊಟ್ಟಿಗೆಯ ಎರಡು ಹಸು ಮಾರಿದೆವು."

ನಮ್ಮನೆಯವರು ನೆಟ್ಟಗೆ ಕೂತರು. ಹಸು ಎಂತಹವು, ಎಷ್ಟನೇ ಕರು, ಹೊತ್ತಿಗೆ ಎಷ್ಟು ಹಾಲು ಅಂತ ಒಂದೊಂದಾಗಿ ಕೇಳಿದರು. ಆಮೇಲೆ ಎಷ್ಟಕ್ಕೆ ಹೋದವು ಅಂತ ಕೇಳಿದರು. ಸೆಲ್ವರಾಜ್ ಹೇಳಿದ. ನನಗೆ ಹಸುವಿನ ಬೆಲೆ ತಿಳಿಯದು, ಅದು ಎಷ್ಟು ಕಮ್ಮಿ ಅಂತ ಇವರ ಮುಖ ನೋಡಿದರೆ ತಿಳಿಯುತ್ತಿತ್ತು.

"ತಗಂಡೋನು ಬಾಯ್ ಬುಟ್ಟು ರೇಟೇಳ್ದನಾ?"

"ಅವನು ಹೇಳಿದ್ದೇ ರೇಟು ಅಣ್ಣಾ. ನಾವು ಕೇಳುವ ಹಾಗಿತ್ತಾ?"

ಇವರು ಎದ್ದು ಹೋಗಿ ಖಾಲಿ ಕೊಟ್ಟಿಗೆಯ ಗೋದಲಿ ಮುಟ್ಟಿ ನೋಡಿದರು. ನಮ್ಮ ಕಡೆ ಒಂದು ವರ್ಷ ನಾಲೆಗೆ ನೀರು ಬಿಡದೆ, ಮೇವಿಲ್ಲದೆ, ಜನ ಸಾಲುಸಾಲಾಗಿ ದನ ತಂದು ಬಂದ ಬೆಲೆಗೆ ಬಿಟ್ಟುಹೋದರು. ಆ ವರ್ಷ ಇವರು ಸಂತೆಗೆ ಹೋಗುವುದನ್ನೇ ನಿಲ್ಲಿಸಿ, ಮೂರು ತಿಂಗಳು ನನ್ನ ಸಂಬಳದಲ್ಲಿ ಮನೆಯಲ್ಲಿ ಕೂತಿದ್ದರು. ಅದು ವ್ಯಾಪಾರವಲ್ಲ, ಅದರಲ್ಲಿ ಟವೆಲ್ ಹಾಸಲು ಕೈ ಬರುವುದಿಲ್ಲ ಅಂದಿದ್ದರು. ಆಗ ಅವರನ್ನು ಸೋಮಾರಿ ಅಂತ ಬೈದವರಲ್ಲಿ ಶಂಕ್ರನೂ ಒಬ್ಬ, ನನ್ನವ್ವನೂ ಒಬ್ಬಳು.

ಅಜ್ಜಿ ಊಟಕ್ಕೆ ಕರೆದರು. ಕೆಂಪಕ್ಕಿ ಅನ್ನ, ತೆಂಗಿನ ಹಾಲಿನ ಸಾರು. ಮಲಗುವ ಮೊದಲು, ನನಗೋ ಗೋಡೆಗೋ ಗೊತ್ತಾಗದ ಹಾಗೆ, "ಅಂಗಾರೆ ನಾನು ಎಲ್ಡ್ ದಿನದಿಂದ ಇವನ್ ಮನೆ ಒಲೆ ಮತ್ತೆ ಆರ್ಲಿ ಅಂತ ಕಾಯ್ತಿದ್ನಾ?" ಅಂದರು. ನಾನು ದೀಪ ಆರಿಸಿದೆ. ಹೌದು ಅಂತ ಹೇಳಲು ಮನಸ್ಸು ಬರಲಿಲ್ಲ.

ರೈಲು

ಬೆಳಿಗ್ಗೆ ನನ್ನನ್ನು ಇವರೇ ಎಬ್ಬಿಸಿದರು. ಸೆಲ್ವರಾಜ್ ಕರೆದೊಯ್ದ ಸ್ಟೇಷನ್ನಿನ ದಾರಿಯಲ್ಲಿ ದುಡ್ಡು ಬದಲಾಯಿಸುವ ಅಂಗಡಿ ಇತ್ತು, ಶಟರು ಇನ್ನೂ ಎತ್ತಿರಲಿಲ್ಲ. ರೈಲಿನ ಹೊತ್ತು ಹತ್ತಿರವಾಗುತ್ತಿತ್ತು. ಅಂಗಡಿಯವನು ನಿಧಾನವಾಗಿ ಬಂದ, ಮೆಟ್ಟಿಲಿಗೆ ನೀರು ಚಿಮುಕಿಸಿದ, ದೇವರಿಗೆ ಹೂವಿಟ್ಟ, ಊದುಬತ್ತಿ ಹಚ್ಚಿದ, ಕೈಮುಗಿದು ಕಣ್ಣುಮುಚ್ಚಿದ. ಕಣ್ಣು ಬಿಡುವ ಲಕ್ಷಣ ಕಾಣಲಿಲ್ಲ. ಇವರು, "ಸಾಮೇರೇ, ನಿಮ್ ದ್ಯಾವ್ರು ಎಲ್ಲಿಗೂ ಓಗಾಕಿಲ್ಲ, ನಮ್ ರೈಲು ಓಯ್ತದೆ" ಅಂತ ಕೂಗಿದರು. ಅದು ಅವನಿಗೆ ಹೇಗೋ ಅರ್ಥವಾಯಿತು.

ಬೋರ್ಡಿನಲ್ಲಿ ಮೂರು ನಲವತ್ತೆಂಟು. ಇವರು ಪಂಚೆ ಎತ್ತಿ, ಪಿನ್ನು ಬಿಚ್ಚಿ, ಬೆಚ್ಚಗಿದ್ದ ನೋಟುಗಳನ್ನು ಮುಂದಿಟ್ಟರು. ಟವೆಲ್ ಹೆಗಲ ಮೇಲೇ ಇತ್ತು. ಚೌಕಾಸಿಯೇ ಮಾಡದೆ ಏನು ಮಾಡಬೇಕೋ ತಿಳಿಯದ ಅವರ ಕೈಗಳು ಒಂದನ್ನೊಂದು ಹಿಡಿದುಕೊಂಡವು.

"ಬರ್ದಿದ್ದೀಯಲ್ಲ, ಅಷ್ಟೇ ಕೊಡಪ್ಪ" ಅಂದರು.

ದುಡ್ಡು ಕೈಗೆ ಬಂದದ್ದೇ ಓಡಿದೆವು. ಹೋಟೆಲಿನ ಬಿಲ್ಲಿನ ದುಡ್ಡನ್ನೂ ಟಿಕೆಟ್ಟಿನ ದುಡ್ಡನ್ನೂ ಇವರು ಓಡುತ್ತಲೇ ಸೆಲ್ವರಾಜನ ಜೇಬಿಗೆ ತುರುಕಿದರು. ಅವನು ಟಿಕೆಟ್ಟಿನ ಕಿಟಕಿಗೆ ನುಗ್ಗಿದ. ನಾನು ಸೀರೆ ಎತ್ತಿಕಟ್ಟಿ ಪ್ಲಾಟ್‌ಫಾರಮ್ಮಿಗೆ ನುಗ್ಗಿದೆ. ನೀಲಿ ರೈಲು ಬಂದು ನಿಂತಾಗ ಬಾಗಿಲುಗಳಲ್ಲಿ ಆಗಲೇ ಎಳೆಯ ಬಿಳಿಯರು ಜೇನುಹುಳುಗಳಂತೆ ಅಂಟಿಕೊಂಡಿದ್ದರು. ಮೂರನೇ ದರ್ಜೆಯ ಬೋಗಿಯೊಳಗೆ ಹೇಗೋ ತೂರಿಕೊಂಡೆವು. ಬಾಗಿಲು ಇಬ್ಬರು ಹುಡುಗರ ವಶದಲ್ಲಿತ್ತು. ಒಬ್ಬನ ಕೈಯಲ್ಲಿ ಕೋಲಿಗೆ ಕಟ್ಟಿದ ಕ್ಯಾಮೆರಾ.

ನಮ್ಮನೆಯವರು ಸಂತೆಯಲ್ಲಿ ದನಗಳ ನಡುವೆ ದಾರಿ ಮಾಡಿಕೊಳ್ಳುವ ಹಾಗೆ ಅವರ ಬೆನ್ನಿನ ಮೇಲೆ ಮೃದುವಾಗಿ ಒಂದು ತಟ್ಟು ತಟ್ಟಿ, "ಹೋಯ್ ಹೋಯ್, ಸ್ವಲ್ಪ ಜರುಗ್ರಪ್ಪ, ನಮ್ಮೆಂಗಸ್ರು ಕೂತ್ಕಬೇಕು" ಅಂದರು. ಎತ್ತುಗಳ ಹಾಗೆಯೇ ಅವರೂ ಜರುಗಿದರು. ನಾನು ಕೂತೆ, ಕಾಲು ಇಳಿಬಿಟ್ಟೆ.

ಅದು ಹೇಗಿತ್ತು ಅಂತ ಕೇಳಬೇಡಿ. ಅಂಗಾಲಿಗೆ ಗಾಳಿ ತಗಲುತ್ತಿತ್ತು. ಕೆಳಗೆ ಟೀ ಗಿಡಗಳು, ಬುಟ್ಟಿ ಹೊತ್ತ ಹೆಂಗಸರು, ದೂರದಲ್ಲಿ ಬೀಳುವ ನೀರಿನ ಬಿಳಿ ಗೆರೆ. ತಿರುವಿನಲ್ಲಿ ನಮ್ಮದೇ ರೈಲಿನ ಮುಂದಿನ ಬೋಗಿಗಳು ಕಂಡಾಗ ನಾನು ಕೂಗಿಬಿಟ್ಟೆ. ನನ್ನ ಶಾಲೆಯ ಮಕ್ಕಳು ನೋಡಿದ್ದರೆ ಆಮೇಲೆ ಪಾಠ ಹೇಳುವುದು ಕಷ್ಟವಿತ್ತು.

ಹಿಂದೆ ನಿಂತಿದ್ದ ಇವರ ಫೋನು ಬಡಿದುಕೊಂಡಿತು. ಚಿನಕುರಳಿ ಶಂಕ್ರ. ಇವರು ಗಾಳಿಯ ಸದ್ದಿಗೆ ಸ್ಪೀಕರ್ ಹಾಕಿದರು.

"ಚೆಲುವಣ್ಣೋ! ಎಷ್ಟ್ ಸಿಕ್ತು ರೇಟು?"

ನಾನು ಟೀ ತೋಟ ಬಿಟ್ಟು ಹಿಂದಕ್ಕೆ ತಿರುಗಿದೆ. ಇವರು ಸುಳ್ಳು ಹೇಳಬಹುದಿತ್ತು. ನಾಲ್ಕೂವರೆ, ಐದು, ಏನು ಬೇಕಾದರೂ ಹೇಳಬಹುದಿತ್ತು. ಅಲ್ಲಿ ಕೇಳುವವರು ಯಾರು?

"ಮೂರು ನಲವತ್ತೆಂಟು" ಅಂದರು.

ಆ ಕಡೆ ನಗು. ಇನ್ನೂ ಯಾರಾರೋ ನಕ್ಕರು, ಟೀ ಅಂಗಡಿಯಲ್ಲಿ ಕೂತಿದ್ದನೇನೋ. "ಮೂರೂವರೆನೂ ಇಲ್ವಾ? ಟೋಪಿ ಆಕುಸ್ಕಂಡೆ ಬುಡಣ್ಣ. ಸಂತೇಲಿ ಯಾರ್ಗೂ ಏಳ್ಬ್ಯಾಡ, ಮಾನ ಓಯ್ತದೆ."

"ನೀನೇ ಏಳ್ಲಾ ಶಂಕ್ರ. ಎಲ್ರಿಗೂ ಏಳು. ನೀನ್ ಬಂದಿದ್ದಾಗ ಇಲ್ಲಿ ಒಲೆ ಅಚ್ಚಾಕೆ ಮಂಚ ಒಡೀತಿದ್ರು ಕಣ್ಲಾ. ಮನೆ ದನ ಅರ್ಧ ರೇಟ್ಗೆ ಮಾರ್ಕತಿದ್ರು. ಅದ್ಕೆ ನಿಂಗೆ ನಾಕೂವರೆ ಬಂತು. ಈಗ ಗ್ಯಾಸು ಬತ್ತಾ ಅದೆ, ಉಣ್ಣಾಕೆ ಅನ್ನ ಅದೆ, ನಮ್ಗೂ ಇಕ್ಕುದ್ರು. ಅದ್ಕೆ ಮೂರು ನಲವತ್ತೆಂಟು. ಇನ್ನೂ ಇಳೀಲಿ ಬುಡು."

ಅತ್ತ ಕಡೆ ನಗು ನಿಂತಿತು. ಶಂಕ್ರ, "ನಂಗೊತ್ತಿರ್ನಿಲ್ಲ ಕಣಣ್ಣ" ಅಂದ.

"ನಂಗೂ ನೆನ್ನೆಗಂಟ ಗೊತ್ತಿರ್ನಿಲ್ಲ ಕಣ್ಲಾ" ಅಂದರು ನಮ್ಮನೆಯವರು, ಇಡೀ ಬೋಗಿಗೆ ಕೇಳುವ ಹಾಗೆ.

ನನಗೆ ನನ್ನ ಗಂಡನ ಮೇಲೆ ಬಹಳ ಹೆಮ್ಮೆಯಾಯಿತು. ಹಾಗಂತ ಬಾಯಿಬಿಟ್ಟು ಹೇಳಿದರೆ ಅದಕ್ಕೂ ಎಷ್ಟು ಕೊಡುತ್ತೀಯ ಅಂತ ರೇಟು ಕೇಳುವ ಮನುಷ್ಯ ಅವರು. ಸುಮ್ಮನೆ ಕಾಲು ಆಡಿಸುತ್ತಾ ಕೂತೆ.